ಛೇದದಲ್ಲಿ ಬರೆದ ಮೂರು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ, ಯಾಕೆಂದರೆ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ನನ್ನ ಬಗ್ಗೆ ಹೇಳುವ ಮೊದಲ ಮಾತು ಅದೇ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು, "ಆ ಗುಂಡಗಿನ ಬಿಳಿ ಮಾತ್ರೆ ಕೊಡಮ್ಮ" ಎನ್ನುವವರಿಗೆ "ಇಲ್ಲಿರೋದೆಲ್ಲ ಗುಂಡಗೇ ಇದೆ, ಬೆಳ್ಳಗೇ ಇದೆ" ಎಂದು ಹೇಳಿ ಮಾಲೀಕರಿಂದ ಬೈಸಿಕೊಂಡವಳು ನಾನು. ಸಂಜೆಯಾದರೆ ಅದೇ ಬಾಯಿ ಹೊತ್ತುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಆ ಬಾಯಿಗೆ ಬೆಲೆ ಇದ್ದದ್ದು ಅಲ್ಲಿ ಮಾತ್ರ.

ನಮ್ಮದು ಸಂಜೆ ಬ್ಯಾಚು. ಹಗಲೆಲ್ಲ ಎಲ್ಲೆಲ್ಲೋ ದುಡಿದು, ಆಕಳಿಸುತ್ತಾ ಬಂದು ಕೂರುವವರು. ಗಣಿತದ ಮೇಡಂ ಮೊದಲ ದಿನವೇ ಒಂದು ಕಾನೂನು ಮಾಡಿದ್ದರು. ಲಿಮಿಟ್ಟಿನ ಪಾಠದಲ್ಲಿ ಉತ್ತರ ತೆಗೆದರೆ ಸಾಲದು, ಆ ಉತ್ತರ ಸರಿ ಎಂದು ಸಾಧಿಸಬೇಕು. ಅದೂ ಬೋರ್ಡಿನ ಮೇಲೆ, ಎಲ್ಲರ ಎದುರಿಗೆ. ಬರೆಯುವ ಪ್ರತಿಯೊಬ್ಬರಿಗೂ ಕ್ಲಾಸಿನಲ್ಲೇ ಒಬ್ಬ ತಕರಾರುಗಾರ ಇರುತ್ತಾನೆ. ನಂಬಿಕೆ ಬಾರದ ಸಾಲು ಕಂಡರೆ ಅವನು "ಯಾಕೆ?" ಎಂದು ತಡೆಯಬೇಕು. ಕೊನೆಯವರೆಗೂ ನಂಬಿಕೆ ಬಂದರೆ "ಒಪ್ಪಿದೆ" ಅನ್ನಬೇಕು. ಅವನು ಒಪ್ಪಿದರೆ ಮುಗಿಯಿತು, ಮೇಡಂ ಪೂರ್ತಿ ಅಂಕ ಹಾಕುತ್ತಿದ್ದರು.

"ನಾನು ಬಾಯಿ ಬಿಡೋಳಲ್ಲ," ಎಂದಿದ್ದರು ಅವರು. "ನಾನು ಸರಿ ಅಂದ್ರೆ ನೀವು ನನಗೆ ಹೆದರಿ ನಂಬ್ತೀರಿ. ಅದು ಗಣಿತ ಅಲ್ಲ, ಅದು ಹೆದರಿಕೆ. ನಿಮ್ಮಲ್ಲೇ ಒಬ್ಬರಿಗೆ ನಂಬಿಕೆ ಬರ್ಲಿ." ಹಾಗೆಂದು ಚಹಾದ ಫ್ಲಾಸ್ಕು ಹಿಡಿದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತುಬಿಟ್ಟರು.

ತಕರಾರಿನಲ್ಲಿ ನನಗೆ ಸರಿಸಾಟಿ ಒಬ್ಬನೇ ಇದ್ದ. ಹಗಲು ಫ್ರಿಜ್ಜು ರಿಪೇರಿ ಮಾಡುವವನು. ಕ್ಲಾಸಿನಲ್ಲಿ ಅವನಿಗೆ ಲಾಯರ್ ಎಂದು ಹೆಸರು. "ಆರಾಮಾ?" ಎಂದು ಕೇಳಿದರೂ "ಆರಾಮ ಅಂದ್ರೆ ಏನು, ಮೊದಲು ಅದು ಹೇಳು" ಎನ್ನುವ ಪೈಕಿ. ಒಮ್ಮೆ ಅವನು ಬೋರ್ಡಿನ ಮೇಲೆ 'ಚಿಕ್ಕದು ಅಥವಾ ಸಮ' ಎಂದು ಬರೆಯಬೇಕಾದ ಕಡೆ ಬರೀ 'ಚಿಕ್ಕದು' ಎಂದು ಬರೆದ. ನಾನು ಬಿಡುತ್ತೇನೆಯೇ? ಅರ್ಧ ಗಂಟೆ ಅವನ ಗ್ರಹಚಾರ ಬಿಡಿಸಿದೆ. ಕೊನೆಗೆ ಅವನೇ ಚಪ್ಪಾಳೆ ತಟ್ಟಿ ಕೂತ. ಆವತ್ತು ಇಡೀ ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಅಕ್ಕ.

ಹೌದು, ಅಕ್ಕನೂ ಅದೇ ಕ್ಲಾಸಿನಲ್ಲಿದ್ದಳು. ನನಗಿಂತ ಬಹಳ ದೊಡ್ಡವಳು. ಅಪ್ಪ ಹಾಸಿಗೆ ಹಿಡಿದ ವರ್ಷ ಓದು ಬಿಟ್ಟು ಒಂದು ಶಾಲೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದ್ದಳು. ಬೀಕರು ತೊಳೆಯುವುದು, ಬರ್ನರಿನ ಪೈಪು ನೋಡುವುದು, ಮಕ್ಕಳು ಆಸಿಡ್ಡು ಚೆಲ್ಲಿದರೆ ಓಡುವುದು. ಅವಳ ಒಂದೊಂದು ಡ್ರೆಸ್ಸಿನ ತೋಳಲ್ಲೂ ಸಣ್ಣ ಸಣ್ಣ ತೂತುಗಳಿದ್ದವು. ಅಪ್ಪ ಹೋದರು, ನಾನು ಓದಿದೆ, ಅಕ್ಕ ಬೀಕರು ತೊಳೆಯುತ್ತಲೇ ಇದ್ದಳು. ಆದರೆ ಲ್ಯಾಬಿನ ಪಕ್ಕದ ರೂಮಿನಲ್ಲಿ ಗಣಿತದ ಪಾಠ ನಡೆಯುವಾಗ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳಂತೆ. ಹೆಡ್ ಮಿಸ್ ಅದನ್ನು ನೋಡಿದ್ದರು. "ನೀನು ಬಿಟ್ಟ ಡಿಗ್ರಿ ಮುಗಿಸು, ಹೊಸ ವರ್ಷಕ್ಕೆ ಚಿಕ್ಕ ಕ್ಲಾಸಿನ ಗಣಿತ ನಿನಗೇ ಕೊಡ್ತೀನಿ" ಎಂದಿದ್ದರು. ಬೇರೆಲ್ಲ ಪೇಪರು ಮುಗಿದು ಉಳಿದದ್ದು ಇದೊಂದೇ.

ತಕರಾರುಗಾರ ಯಾರು ಬೇಕು ಎಂದು ಮೇಡಂ ಕೇಳಿದಾಗ ಅಕ್ಕ ಥಟ್ಟನೆ ನನ್ನತ್ತ ಕೈ ತೋರಿಸಿದಳು. "ಇವಳಿದ್ರೆ ನನಗೆ ಧೈರ್ಯ" ಎಂದಳು. ನಾನು ಉಬ್ಬಿಹೋದೆ.

ಓದಿಗೆ ಕೂರುತ್ತಿದ್ದದ್ದು ಬೆಳಗಿನ ಹೊತ್ತು, ಊಟದ ಮೇಜಿನ ಮೇಲೆ. ಒಂದು ತುದಿಯಲ್ಲಿ ಅಮ್ಮ ಬೀನ್ಸ್ ಹೆಚ್ಚುತ್ತಾ, ಇನ್ನೊಂದು ತುದಿಯಲ್ಲಿ ನಾವಿಬ್ಬರು. ನಾನು ಮೇಷ್ಟ್ರ ಠೀವಿಯಲ್ಲಿ ಶುರು ಮಾಡುತ್ತಿದ್ದೆ. ಎದುರಿನವನು ಒಂದು ಸಣ್ಣ ಅಂತರ ಹೇಳುತ್ತಾನೆ, ಅದು ಎಪ್ಸಿಲಾನ್. ಉತ್ತರ ಅಷ್ಟು ಅಂತರದ ಒಳಗೇ ಬಂದು ಬೀಳಬೇಕು ಎನ್ನುವುದು ಅವನ ಹಟ. ಹಾಗೆ ಬೀಳಬೇಕಾದರೆ ಎಕ್ಸ್ ಎಷ್ಟು ಹತ್ತಿರ ಇರಬೇಕು ಎಂದು ನಾವು ಹೇಳಬೇಕು, ಅದು ಡೆಲ್ಟಾ. ಮೊದಲು ಅವನು ಹೇಳಬೇಕು, ಆಮೇಲೆ ನಾವು. ಅವನು ಎಷ್ಟು ಸಣ್ಣದು ಹೇಳಿದರೂ ನಮ್ಮ ಹತ್ತಿರ ಒಂದು ಡೆಲ್ಟಾ ಇರಬೇಕು.

"ಎದುರಿನವನು ಯಾರು?" ಎಂದಳು ಅಕ್ಕ.

"ಯಾರೂ ಅಲ್ಲ. ಸುಮ್ನೆ ಅಂದ್ಕೊಳ್ಳೋದು."

"ಅವನು ಒಂದಕ್ಕೆ ಒಪ್ಪಿ ಇನ್ನೊಂದು ಕೇಳ್ತಾನೆ, ಅದಕ್ಕೂ ಒಪ್ಪಿ ಇನ್ನೂ ಸಣ್ಣದು ಕೇಳ್ತಾನೆ. ಅವನ ಕಾಟ ಮುಗಿಯೋದು ಯಾವಾಗ?"

"ಮುಗಿಯಲ್ಲ. ಅದಕ್ಕೇ ಒಂದೇ ಸಲ ಎಲ್ಲದಕ್ಕೂ ಸೇರಿಸಿ ಉತ್ತರ ಕೊಡೋದು."

"ಮುಗಿಯದೇ ಇರೋದಕ್ಕೆ ಒಂದೇ ಸಲ ಉತ್ತರ ಕೊಡೋದು ಹೇಗೇ?"

ಈಗ ಗೊತ್ತಾಗುತ್ತದೆ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಗ ಮಾತ್ರ ನನಗೆ ಅಂಗಡಿಗೆ ಹೊತ್ತಾಗುತ್ತಿತ್ತು, ಅಷ್ಟೇ ಗೊತ್ತಿದ್ದದ್ದು.

ಬರೆಯಲು ಕೊಟ್ಟರೆ ಅಕ್ಕ ಮತ್ತೆ ಮತ್ತೆ ಒಂದೇ ಗುಂಡಿಗೆ ಬೀಳುತ್ತಿದ್ದಳು. ಡೆಲ್ಟಾದ ಒಳಗೆ ಎಕ್ಸ್ ಸೇರಿಸಿ ಬರೆದುಬಿಡುತ್ತಿದ್ದಳು. ಎಕ್ಸ್ ಎಲ್ಲಿರಬೇಕು ಎಂದು ಹೇಳುವುದೇ ಡೆಲ್ಟಾದ ಕೆಲಸ. ಇನ್ನೂ ಬಾರದ ಎಕ್ಸ್ ಅನ್ನು ಅದರೊಳಗೆ ತುರುಕುವುದು ಹೇಗೆ? ಇದನ್ನು ಬಿಡಿಸಿ ಹೇಳಿದೆ. ಹೂಂ ಅಂದಳು. ಮರುದಿನ ಮತ್ತೆ ಅದನ್ನೇ ಬರೆದಳು. ಬಿಡಿಸಿ ಹೇಳಿದೆ. ಹೂಂ ಅಂದಳು. ಒಂದು ಬೆಳಿಗ್ಗೆ ಮತ್ತೆ ಅದೇ ಸಾಲು ಕಂಡಿದ್ದೇ ನನ್ನ ತಲೆ ಕೆಟ್ಟಿತು.

"ಅಯ್ಯೋ, ಇಷ್ಟೂ ಹೋಗಲ್ವಾ ನಿನ್ನ ತಲೆಗೆ? ಕಲ್ಲಿಗೆ ಹೇಳಿದ್ರೂ ಇಷ್ಟೊತ್ತಿಗೆ ಗೊತ್ತಾಗಿರೋದು!"

ಅಮ್ಮನ ಚಾಕು ನಿಂತಿತು. "ಬಾಯಿ ಬಿಗಿ ಹಿಡಿಯೇ. ಅವಳು ಬಿಟ್ಟ ಓದು ನೀನು ಓದಿದ್ದು," ಎಂದಳು ಅಮ್ಮ. ಅಮ್ಮ ಹಾಗೆ ಹೇಳಿದ್ದು ಅದೇ ಮೊದಲು.

ಅಕ್ಕ ಪೆನ್ನಿಗೆ ಕ್ಯಾಪು ಹಾಕಿದಳು. ಮೇಜಿನ ಮೇಲಿದ್ದ ಬೀನ್ಸಿನ ನಾರನ್ನು ಅಂಗೈಯಿಂದ ಬಳಿದು ಒಟ್ಟು ಮಾಡಿ, ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಕೆಲಸಕ್ಕೆ ಹೋದಳು. ಅವಳು ತಿರುಗಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ದಿನವಿಡೀ ಮಾತ್ರೆಯ ಪಟ್ಟಿ ಕತ್ತರಿಸುವಾಗಲೆಲ್ಲ ನಾನಾಡಿದ ಮಾತೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಅದರ ಬದಲು ಮರುದಿನ ಒಂದು ಸುಲಭದ ದಾರಿ ಹಿಡಿದುಕೊಂಡು ಬಂದೆ.

"ಅಕ್ಕ, ಇನ್ನು ತಲೆ ಕೆಡಿಸ್ಕೋಬೇಡ. ಒಂದು ಉಪಾಯ ಹೇಳ್ತೀನಿ, ಬಾಯಿಪಾಠ ಮಾಡ್ಕೋ. ಮೊದಲು 'ಡೆಲ್ಟಾ ಒಂದಕ್ಕಿಂತ ಹೆಚ್ಚಿಲ್ಲ' ಅಂತ ಬರಿ. ಆಗ ಎಕ್ಸ್ ಎಲ್ಲಿಂದ ಎಲ್ಲಿವರೆಗೆ ಇರಬಹುದು ನೋಡು. ಅದರಲ್ಲಿ ಅತಿ ದೊಡ್ಡದು ಯಾವುದೋ ಅದನ್ನ ಎಕ್ಸ್ ಜಾಗಕ್ಕೆ ಹಾಕು. ಆಮೇಲೆ ಡೆಲ್ಟಾದಲ್ಲಿ ಎಕ್ಸ್ ಬರೋದೇ ಇಲ್ಲ."

"ಯಾಕೆ ಅತಿ ದೊಡ್ಡದು?"

"ದೊಡ್ಡದೇ. ಅಷ್ಟೇ. ಬರ್ಕೋ."

ಅವಳು ಬರೆದುಕೊಂಡಳು. ಕ್ಲಾಸಿನಲ್ಲಿ ಮಾಡಿದ ಲೆಕ್ಕಗಳೆಲ್ಲ ವರ್ಗ, ಘನ ಇಂಥವೇ. ಅಲ್ಲಿ ದೊಡ್ಡದನ್ನು ಹಾಕಿದರೆ ಸರಿಯಾಗುತ್ತಿತ್ತು. ಅಕ್ಕ ಗಿಳಿಪಾಠ ಒಪ್ಪಿಸುವ ಹಾಗೆ ಒಂದಾದ ಮೇಲೊಂದು ಸಾಧಿಸುತ್ತಾ ಹೋದಳು. ಮುಖದಲ್ಲಿ ನಗು ಬಂತು. ನನಗೂ ಸಮಾಧಾನವಾಯಿತು. ನಾನು ಅವಳಿಗೆ ಯಾವ ಸಾಲಿನಲ್ಲೂ "ಯಾಕೆ" ಅನ್ನುವುದನ್ನು ಬಿಟ್ಟುಬಿಟ್ಟೆ. ಪ್ರೀತಿಯಿಂದ ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು. ಕೇಳಿದರೆ ಅವಳಿಗೆ ಬಾರದು, ಬಾರದಿದ್ದರೆ ನನಗೆ ಮತ್ತೆ ಸಿಟ್ಟು ಬರುತ್ತದೆ, ಅದರ ಗೋಜೇ ಬೇಡ ಎಂದು ಬಿಟ್ಟದ್ದು.

ಕೊನೆಯ ಪರೀಕ್ಷೆಯ ದಿನ ಮೇಡಂ ಚೀಟಿ ಹಾಕಿದ ಡಬ್ಬಿ ಹಿಡಿದರು. ಅಕ್ಕ ಕಣ್ಣು ಮುಚ್ಚಿ ಒಂದು ತೆಗೆದಳು. ಎಕ್ಸ್ ಎರಡರ ಹತ್ತಿರ ಹೋದಂತೆ ಒಂದನ್ನು ಎಕ್ಸ್‌ನಿಂದ ಭಾಗಿಸಿದ ಬೆಲೆ ಅರ್ಧದ ಹತ್ತಿರ ಹೋಗುತ್ತದೆ, ಸಾಧಿಸಿ. ಎಕ್ಸ್ ಕೆಳಗಿದೆ. ಛೇದದಲ್ಲಿದೆ.

ಅಕ್ಕ ಧೈರ್ಯವಾಗಿ ಶುರು ಮಾಡಿದಳು. ಒಂದನ್ನು ಎಕ್ಸ್‌ನಿಂದ ಭಾಗಿಸಿದ ಬೆಲೆಯಿಂದ ಅರ್ಧವನ್ನು ಕಳೆದಳು. ಮೇಲೆ ಎಕ್ಸ್‌ಗೂ ಎರಡಕ್ಕೂ ಇರುವ ದೂರ ಬಂತು, ಕೆಳಗೆ ಎಕ್ಸ್‌ನ ಎರಡರಷ್ಟು. ಅಲ್ಲಿವರೆಗೆ ಒಂದು ಅಕ್ಷರ ತಪ್ಪಿಲ್ಲ. ಆಮೇಲೆ ನನ್ನತ್ತ ಒಮ್ಮೆ ನೋಡಿ, "ಡೆಲ್ಟಾ ಒಂದಕ್ಕಿಂತ ಹೆಚ್ಚಿಲ್ಲ. ಹಾಗಾಗಿ ಎಕ್ಸ್ ಒಂದಕ್ಕೂ ಮೂರಕ್ಕೂ ನಡುವೆ. ಅತಿ ದೊಡ್ಡದು ಮೂರು," ಎಂದು ಹೇಳಿ ಛೇದದಲ್ಲಿ ಎಕ್ಸ್ ಅಳಿಸಿ ಮೂರು ಬರೆದಳು. ಎರಡು ಮೂರಲ ಆರು. "ಆದ್ದರಿಂದ ಇಡೀ ಭಿನ್ನರಾಶಿ ಇದಕ್ಕಿಂತ ಚಿಕ್ಕದು."

ಚಿಕ್ಕದಲ್ಲ, ದೊಡ್ಡದು! ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಸಣ್ಣದಾಗುತ್ತದೆ. 'ಎಷ್ಟೆಂದರೂ ಇದನ್ನು ಮೀರುವುದಿಲ್ಲ' ಎಂದು ಹೇಳಬೇಕಾದರೆ ಕೆಳಗೆ ಅತಿ ಚಿಕ್ಕದನ್ನು, ಅಂದರೆ ಒಂದನ್ನು ಹಾಕಬೇಕಿತ್ತು. ಒಂದೇ ಒಂದು "ಯಾಕೆ" ಸಾಕಿತ್ತು. ಕೇಳಿದ್ದರೆ ಅವಳು ನಿಂತು ನೋಡುತ್ತಿದ್ದಳು, ಬಹುಶಃ ತಿದ್ದಿಕೊಳ್ಳುತ್ತಲೂ ಇದ್ದಳು.

ನನ್ನ ನಾಲಿಗೆ ಏಳಲಿಲ್ಲ. ಅವಳ ಕೆಲಸ ಕಣ್ಣ ಮುಂದೆ ಬಂತು, ಹೆಡ್ ಮಿಸ್ ಬಂದರು, ತೋಳಿನ ತೂತು ಬಂತು. ಅವಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳಬಹುದಿತ್ತು. ಇನ್ನೊಂದೂ ಇತ್ತು. ಆ ಮೂರು ನನ್ನದು. 'ದೊಡ್ಡದೇ, ಅಷ್ಟೇ, ಬರ್ಕೋ' ಎಂದವಳು ನಾನು. ನಾನು ತಡೆದು "ಯಾಕೆ" ಎಂದರೆ ಅಕ್ಕ ಎಲ್ಲರೆದುರು "ನೀನೇ ಹೇಳಿದ್ಯಲ್ಲ" ಎಂದುಬಿಟ್ಟರೆ? ಕ್ಲಾಸಿನ ತಕರಾರುಗಾರ್ತಿ, ಎಲ್ಲರ ತಪ್ಪು ಹಿಡಿಯುವವಳು, ಮನೆಯಲ್ಲಿ ಅಕ್ಕನಿಗೆ ಕಲಿಸಿದ್ದು ಇದಾ ಎಂದು ಲಾಯರ್ ನಕ್ಕರೆ?

ಅಕ್ಕ ಕೊನೆಯ ಸಾಲು ಬರೆದು, ಸೀಮೆಸುಣ್ಣ ಹಿಡಿದ ಕೈ ಕೆಳಗಿಳಿಸಿ ನನ್ನ ಮುಖ ನೋಡಿದಳು.

"ಒಪ್ಪಿದೆ," ಎಂದೆ.

ಹಿಂದಿನ ಬೆಂಚಿನಲ್ಲಿ ಮೇಡಂ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಸದ್ದು ಕೇಳಿತು. ಲಾಯರ್ ಕೈಯೆತ್ತಲು ಹೋಗಿ ಇಳಿಸಿದ. ಪರೀಕ್ಷೆಯ ದಿನ ಬೇರೆಯವರು ಮಾತಾಡುವ ಹಾಗಿರಲಿಲ್ಲ. ಅಕ್ಕ ಬೋರ್ಡಿನಿಂದ ಇಳಿದು ಬಂದು ಬೆಂಚಿನ ಕೆಳಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಮನೆಯಲ್ಲಿ ಆ ರಾತ್ರಿ ಊಟದ ಹೊತ್ತಿನ ಸಂಭ್ರಮ ಕೇಳಬೇಡಿ. "ನಿಮ್ಮ ಡೆಲ್ಟಾ ಅನ್ನೋದು ಕೊನೆಗೂ ಸಿಕ್ತಲ್ಲ, ಎಲ್ಲಿ ಅಡಗಿತ್ತೋ ದರಿದ್ರದ್ದು" ಎಂದು ಅಮ್ಮ ನಗಿಸಿದಳು. ಅಕ್ಕ ಫೋನು ಮಾಡಿ ಪಾಸಾದ ಸುದ್ದಿ ಹೇಳಿದ್ದೇ ತಡ, ಹೆಡ್ ಮಿಸ್ "ಶಾಲೆ ಶುರುವಾಗೋ ಮೊದಲು ನನ್ನೆದುರು ಒಂದು ಪಾಠ ಮಾಡಿ ತೋರಿಸು" ಎಂದಿದ್ದರಂತೆ. ಅಕ್ಕನ ಬಾಯಲ್ಲಿ ಬೇರೆ ಮಾತೇ ಇಲ್ಲ. ನಾನು ತುತ್ತು ನುಂಗಲಾರದೆ ನೀರು ಕುಡಿಯುತ್ತಾ ಕೂತಿದ್ದೆ. "ಇವಳಿಗೇನಾಗಿದೆ? ನೀನು ಪಾಸಾದ್ರೆ ಇವಳು ಮುಖ ಊದಿಸ್ಕೊಂಡಿದಾಳೆ," ಎಂದಳು ಅಮ್ಮ. ಅಕ್ಕ, "ನನಗೆ ಪಾಠ ಹೇಳಿ ಹೇಳಿ ಸುಸ್ತಾಗಿದೆ ಪಾಪ," ಎಂದಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಅಂಗಡಿಯಿಂದ ಊಟದ ಬಿಡುವಿನಲ್ಲಿ ಅಕ್ಕನ ಶಾಲೆಗೆ ಹೋದೆ. ರಜೆ. ಕಾರಿಡಾರಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸಿದ್ದರು. ಲ್ಯಾಬಿನಲ್ಲಿ ಬೀಕರುಗಳು ಬಿಳಿ ಬಟ್ಟೆಯ ಮೇಲೆ ಬೋರಲು ಬಿದ್ದಿದ್ದವು. ಕಿಟಕಿಯ ಪಕ್ಕದ ಕಲ್ಲಿನ ಮೇಜಿನ ಮೇಲೆ ಅಕ್ಕ ಸೋಸುವ ದುಂಡು ಕಾಗದಗಳನ್ನು ಕತ್ತರಿಸುತ್ತಾ ಕೂತಿದ್ದಳು. ಮಾಡಿ ತೋರಿಸಬೇಕಿದ್ದ ಪಾಠ ಭಿನ್ನರಾಶಿ.

"ಬಾ ಬಾ, ನೀನೇ ನನ್ನ ಸ್ಟೂಡೆಂಟು. ಕೈ ಕಟ್ಟಿ ಕೂತ್ಕೋ," ಎಂದು ಮೊಣಕೈಯಿಂದ ಸ್ಟೂಲು ತಳ್ಳಿದಳು. "ನೋಡು ಮರಿ, ಈ ಚಕ್ರನ ಎರಡು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಇಷ್ಟು. ಇದನ್ನೇ ಆರು ಜನಕ್ಕೆ ಹಂಚಿದ್ರೆ ಇಷ್ಟೇ ಇಷ್ಟು. ಕೆಳಗಿನ ಸಂಖ್ಯೆ ದೊಡ್ಡದು ಅಂತ ಮೋಸ ಹೋಗಬಾರದು. ಆರರಲ್ಲೊಂದು ಅನ್ನೋದು ಎರಡರಲ್ಲೊಂದಕ್ಕಿಂತ..."

ಮಾತು ಅಲ್ಲಿಗೇ ನಿಂತಿತು. ಅರ್ಧ ಚಕ್ರವನ್ನು ಕೆಳಗಿಟ್ಟು ಅದರ ಮೇಲೆ ಆರರಲ್ಲೊಂದು ಚೂರನ್ನು ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ನಾನು ಎದ್ದು ಹೋಗಿಬಿಡೋಣ ಅಂದುಕೊಂಡೆ.

"ನಾನು ಆವತ್ತು ಬೋರ್ಡ್ ಮೇಲೆ ಕೆಳಗೆ ಆರು ಹಾಕಿದ್ದೆ ಅಲ್ವಾ?"

"ನೆನಪಿಲ್ಲ."

"ಮೂರು ಹಾಕಿದೆ, ಎರಡು ಮೂರಲ ಆರು. ಅದಕ್ಕಿಂತ ಚಿಕ್ಕದು ಅಂತ ಬರೆದೆ. ಎಕ್ಸ್ ಒಂದರ ಹತ್ತಿರ ಇದ್ರೆ ಕೆಳಗೆ ಎರಡೇ ಬರೋದು. ಇದು ಇದಕ್ಕಿಂತ ಚಿಕ್ಕದು ಅಂತ ಬರೆದ ಹಾಗಾಯ್ತಲ್ಲೇ!" ಅವಳು ಅರ್ಧ ಚಕ್ರವನ್ನೂ ಆ ಚೂರನ್ನೂ ಎತ್ತಿ ಹಿಡಿದಳು. "ನನ್ನ ಪ್ರೂಫು ತಪ್ಪು. ನಿನಗೆ ಗೊತ್ತಾಗಲಿಲ್ವಾ?"

"ಇಲ್ಲ. ನನಗೂ ಕಾಣಲಿಲ್ಲ. ಆವತ್ತು ತಲೆ ಸಿಡೀತಾ ಇತ್ತು."

ಅಕ್ಕ ನನ್ನನ್ನೇ ನೋಡಿದಳು. ಬಾಲ್ಯದಿಂದ ನಾನು ಸುಳ್ಳು ಹೇಳಿದಾಗಲೆಲ್ಲ ನೋಡುವ ನೋಟ.

"ಲಾಯರ್ ಒಂದು ಸಮ ಚಿಹ್ನೆ ಬಿಟ್ಟಿದ್ದಕ್ಕೆ ಅರ್ಧ ಗಂಟೆ ನಿಲ್ಲಿಸಿ ಕೇಳಿದೆ ನೀನು. ನಾನು ಆರು ಅಂತ ಇಷ್ಟು ದೊಡ್ಡದಾಗಿ ಬರೆದಿದ್ದು ಕಾಣಲಿಲ್ವಾ?"

ನೆಲ ನೋಡಿದೆ. "ಕಂಡಿತ್ತು," ಎಂದೆ.

"ಮತ್ತೆ?"

"ನಿನ್ನ ಕೆಲಸ ಹೋಗುತ್ತಲ್ಲಾ ಅಂತ. ಅದಲ್ದೆ ಅದು ನಿಂದಲ್ಲ ಅಕ್ಕ, ನನ್ನ ತಪ್ಪು. ದೊಡ್ಡದು ಹಾಕು ಅಂತ ನಾನೇ ಹೇಳಿದ್ದು. ನೀನು ಯಾಕೆ ಅಂತ ಕೇಳಿದೆ, ನಾನು ಹೇಳಲಿಲ್ಲ."

"ಅದು ಇರ್ಲಿ." ಅವಳ ದನಿ ಸಣ್ಣಗಾಯಿತು. "ಎಲ್ಲರನ್ನೂ ಕೇಳ್ತೀಯ ನೀನು. ಯಾರನ್ನೂ ಬಿಡಲ್ಲ. ಅದಕ್ಕೇ ನಿನ್ನ ಇಟ್ಕೊಂಡೆ ನಾನು. ನನ್ನೊಬ್ಬಳನ್ನ ಮಾತ್ರ ಕೇಳಲಿಲ್ಲ. ಇವಳನ್ನ ಕೇಳಿ ಏನು ಬಂತು, ಇವಳಿಗೆ ಎಲ್ಲಿ ಗೊತ್ತಾಗುತ್ತೆ ಅನ್ನಿಸಿತು ನಿನಗೆ. ಹೌದಾ ಅಲ್ವಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಅವಳು ಹೇಳಿದ್ದೇ ನಿಜ. ಕಲ್ಲು ಎಂದು ಕೂಗಿದ ದಿನವೇ ನಾನು ಅವಳನ್ನು ಕಲ್ಲು ಎಂದು ತೀರ್ಮಾನಿಸಿಬಿಟ್ಟಿದ್ದೆ. ಆಮೇಲೆ ತೋರಿಸಿದ ಅಕ್ಕರೆಯೆಲ್ಲ ಅದರ ಮೇಲೆ ಹೊದಿಸಿದ ಬಟ್ಟೆ. ಅಕ್ಕ ಕಾಗದದ ಚೂರುಗಳನ್ನು ಒಂದು ಬೀಕರಿನೊಳಗೆ ಹಾಕಿ, ಕತ್ತರಿ ಒರೆಸಿ ಡ್ರಾಯರಿಗೆ ಸೇರಿಸಿದಳು.

"ನಡಿ, ಮೇಡಂ ಹತ್ರ ಹೋಗೋಣ," ಎಂದಳು.

"ಹುಚ್ಚಾ ನಿನಗೆ? ಅಂಕ ಹಾಕಿ ಆಗಿದೆ. ಯಾರಿಗೂ ಗೊತ್ತಿಲ್ಲ. ಈಗ ಹೋಗಿ ಹೇಳಿದ್ರೆ ಕೆಲಸಕ್ಕೆ ಕಲ್ಲು ಬಿತ್ತು ಅಂತಲೇ!"

"ಯಾರಿಗೂ ಗೊತ್ತಿಲ್ವಾ? ನಿನಗೆ ಗೊತ್ತು. ನಾಳೆ ನಾನು ಪಾಠ ಮಾಡಿ ಬಂದು ಹೇಳಿದಾಗೆಲ್ಲ ನೀನು ಆವತ್ತಿನ ಹಾಗೇ ನೀರು ಕುಡೀತಾ ಕೂತಿರ್ತೀಯ. ನನಗೆ ಬೇಡ ಅದು."

ಮೇಡಂ ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು, ಚಪ್ಪಲಿ ಬಿಟ್ಟು ಕಾಲು ಚಾಚಿ. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಎಲ್ಲಿ ತಪ್ಪಿತು, ಅಲ್ಲಿ ಏನು ಬರಬೇಕಿತ್ತು, ಯಾಕೆ. ನಾನು ಅಷ್ಟೂ ಹೊತ್ತು ಬಾಗಿಲ ಹತ್ತಿರ ನಿಂತಿದ್ದೆ. ಅವಳ ಮಾತಿನಲ್ಲಿ ನನ್ನ ಹೆಸರು ಬರಲೇ ಇಲ್ಲ. 'ದೊಡ್ಡದು ಹಾಕು ಅಂತ ತಂಗಿ ಹೇಳಿದ್ದಳು' ಎಂದು ಒಂದು ಮಾತು ಆಡಿದ್ದರೆ ನಾನು ಉಸಿರಾಡುತ್ತಿದ್ದೆ.

"ನನಗೆ ಗೊತ್ತಿತ್ತು ಮೇಡಂ," ಎಂದೆ ಕೊನೆಗೆ. "ಗೊತ್ತಿದ್ದೂ ಒಪ್ಪಿದೆ ಅಂದೆ."

"ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತು," ಎಂದರು ಮೇಡಂ. "ನಾನು ಬೋರ್ಡ್ ನೋಡ್ತಾ ಇರ್ಲಿಲ್ಲ, ನಿನ್ನ ಮುಖ ನೋಡ್ತಾ ಇದ್ದೆ. ಅವಳು ಮಾಡಿದ್ದು ಕಲಿಯೋವಾಗ ಎಲ್ಲರೂ ಮಾಡೋ ತಪ್ಪು. ನೀನು ಮಾಡಿದ್ದು ಬೇರೆ ಜಾತಿದು." ಆಮೇಲೆ ಅಕ್ಕನತ್ತ ತಿರುಗಿದರು. "ಅಂಕ ತೆಗೆದರೆ ಮತ್ತೆ ಬರೆಯೋಕೆ ರಜೆ ಮುಗಿಯೋವರೆಗೆ ಕಾಯಬೇಕು. ನಿಮ್ಮ ಶಾಲೆಯವರು ಅಲ್ಲಿವರೆಗೆ ಕಾಯ್ತಾರಾ?"

"ಇಲ್ಲ," ಎಂದಳು ಅಕ್ಕ. "ತೆಗೀರಿ ಮೇಡಂ."

ಅವರು ತೆಗೆದರು. ನನ್ನ ಅಂಕವನ್ನು ಮುಟ್ಟಲಿಲ್ಲ. ಬೋರ್ಡಿನ ಮೇಲೆ ನಾನು ಸಾಧಿಸಿದ್ದ ಲೆಕ್ಕ ಸರಿಯಿತ್ತಂತೆ, ಗಣಿತದಲ್ಲಿ ನನ್ನ ತಪ್ಪೇನೂ ಇಲ್ಲವಂತೆ. ಅವರು ಬೇಕೆಂದೇ ಹಾಗೆ ಮಾಡಿದರು ಅನ್ನಿಸುತ್ತದೆ. ನನ್ನ ಹೆಸರಿನ ಮುಂದೆ ಪೂರ್ತಿ ಅಂಕ, ಅದರ ಕೆಳಗೇ ಅಕ್ಕನ ಹೆಸರಿನ ಮುಂದೆ ಖಾಲಿ ಜಾಗ. ನೋಟಿಸ್ ಬೋರ್ಡಿನ ಮುಂದೆ ಹಾಯುವಾಗೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ.

ಶಾಲೆ ಶುರುವಾಯಿತು. ಚಿಕ್ಕ ಕ್ಲಾಸಿನ ಗಣಿತಕ್ಕೆ ಬೇರೆ ಯಾರೋ ಹುಡುಗಿ ಬಂದಳು. ಅಕ್ಕ ಅವಳಿಗೆ ತಾನು ಕತ್ತರಿಸಿಟ್ಟಿದ್ದ ಕಾಗದದ ಚಕ್ರಗಳನ್ನು ಕೊಟ್ಟಳಂತೆ. "ಚೆನ್ನಾಗ್ ಹೇಳಿಕೊಡ್ತಾಳೆ, ಗೋಡೆ ಆಚೆಯಿಂದ ಕೇಳಿಸುತ್ತೆ," ಎಂದಳು ಒಂದು ಸಂಜೆ, ಯಾವ ಕೊಂಕೂ ಇಲ್ಲದೆ. ಅಮ್ಮನಿಗೆ ಅರ್ಧವಷ್ಟೇ ಹೇಳಿದ್ದೆವು. ಉಳಿದರ್ಧ ಅವಳೇ ಊಹಿಸಿಕೊಂಡು ನನ್ನ ತಟ್ಟೆಗೆ ಬಡಿಸುವಾಗ ಸೌಟು ಸ್ವಲ್ಪ ಜೋರಾಗಿ ಬಡಿಯುತ್ತಿದ್ದಳು.

ಮರುಪರೀಕ್ಷೆಗೆ ತಕರಾರುಗಾರ ಯಾರು ಎಂದು ಮೇಡಂ ಕೇಳಿದರು. ನಾನು ಸೆಟೆದು ಕೂತೆ. ಈ ಸಲ ಒಂದು ಸಾಲನ್ನೂ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ.

"ಲಾಯರ್," ಎಂದಳು ಅಕ್ಕ. ನನ್ನ ಕಡೆ ನೋಡಲೂ ಇಲ್ಲ.

ಲಾಯರ್ ಅವಳನ್ನು ಅರೆದುಬಿಟ್ಟ. ಮೊದಲ ಸಾಲಿಗೆ ಯಾಕೆ, ಎರಡನೆಯದಕ್ಕೆ ಯಾಕೆ. ಮತ್ತೆ ಅದೇ ಲೆಕ್ಕ, ಅವಳೇ ಕೇಳಿ ಹಾಕಿಸಿಕೊಂಡದ್ದು. ಛೇದದಲ್ಲಿ ಒಂದು ಬರೆದಾಗ ಅವನು, "ಯಾಕೆ ಚಿಕ್ಕದು? ಮೊನ್ನೆ ದೊಡ್ಡದಿತ್ತಲ್ಲ?" ಎಂದು ಹುಬ್ಬು ಹಾರಿಸಿದ. ಅವಳು ಕೂಡಲೇ ಹೇಳಿದಳು. ನಾನು ಹಗುರವಾಗಿ ಉಸಿರು ಬಿಟ್ಟೆ. ಆದರೆ ಅವನು ಬಿಡುವ ಗಿರಾಕಿಯಲ್ಲ.

"ಡೆಲ್ಟಾ ಒಂದಕ್ಕಿಂತ ಹೆಚ್ಚಿಲ್ಲ ಅಂತ ಶುರು ಮಾಡಿದ್ರಿ. ಒಂದೇ ಯಾಕೆ? ಎರಡಕ್ಕಿಂತ ಹೆಚ್ಚಿಲ್ಲ ಅಂದಿದ್ರೆ ಏನ್ ಗಂಟು ಹೋಗ್ತಿತ್ತು?"

ಅಕ್ಕ ಬೋರ್ಡಿನತ್ತ ತಿರುಗಿದಳು. ನಾನೂ ಒಳಗೊಳಗೇ ಬೆಪ್ಪಾದೆ. ನನ್ನ ಉಪಾಯದ ಮೊದಲ ಸಾಲೇ ಅದು. ಒಂದೇ ಯಾಕೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಕ್ಕನ ಕತ್ತಿನ ಮೇಲೆ ಬೆವರು ಇಳಿಯಿತು. 'ಸಾಕು ಬಿಡೋ ಮಾರಾಯ' ಎಂದು ಕೂಗಬೇಕೆನಿಸಿತು. ಲಾಯರ್ ಮಾತ್ರ ಗಲ್ಲಕ್ಕೆ ಕೈಯಿಟ್ಟು ಆರಾಮಾಗಿ ಕಾಯುತ್ತಿದ್ದ, ಅವಳಿಗೆ ಗೊತ್ತಾಗಿಯೇ ಆಗುತ್ತದೆ ಎನ್ನುವ ಹಾಗೆ. ಅಕ್ಕ ಒಂದು ಗೆರೆ ಎಳೆದು ಅದರ ಮೇಲೆ ಎರಡನ್ನು ಗುರುತು ಹಾಕಿದಳು. ಆ ಕಡೆ ಎರಡು ಮನೆ ಎಣಿಸಿದಳು, ಈ ಕಡೆ ಎರಡು ಮನೆ ಎಣಿಸಿದಳು. ಬೆರಳು ಸೊನ್ನೆಯ ಹತ್ತಿರ ಬಂದು ನಿಂತಿತು.

"ಆಗ ಎಕ್ಸ್ ಸೊನ್ನೆ ಪಕ್ಕದವರೆಗೂ ಹೋಗಬಹುದು," ಎಂದಳು ನಿಧಾನವಾಗಿ. "ಕೆಳಗೆ ಎಷ್ಟು ಬೇಕಾದ್ರೂ ಸಣ್ಣದಾಗಬಹುದು. ಅತಿ ಚಿಕ್ಕದು ಅಂತ ಹಿಡ್ಕೊಳ್ಳೋಕೆ ಏನೂ ಇರಲ್ಲ. ಇಡೀ ಭಿನ್ನರಾಶಿ ಎಷ್ಟು ದೊಡ್ಡದಾಗುತ್ತೋ ಹೇಳೋಕಾಗಲ್ಲ. ಒಂದೇ ಆಗಬೇಕು ಅಂತಿಲ್ಲ, ಒಂದೂವರೆ ಅಂದ್ರೂ ನಡಿಯುತ್ತೆ. ಎರಡು ನಡಿಯಲ್ಲ."

ಲಾಯರ್ ಎದ್ದು ನಿಂತ. "ಒಪ್ಪಿದೆ," ಎಂದ. ಹಿಂದಿನಿಂದ ಮೇಡಂ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಅಕ್ಕನಿಗೆ ಕಳಿಸಿದರು.

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಅವಳನ್ನು ಹಿಡಿದೆ. ಎಷ್ಟೋ ದಿನದಿಂದ ಮನಸ್ಸಿನಲ್ಲೇ ಉರು ಹಾಕಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಅಕ್ಕ, ಪೇಪರು ಮುಗಿದ್ರೂ ಕ್ಲಾಸು ಬಿಡಲ್ಲ ಅಂದಿದ್ಯಲ್ಲ, ಮುಂದಿನ ಪಾಠ ನಾನೇ ಹೇಳಿಕೊಡ್ತೀನಿ. ಬೈಯಲ್ಲ. ಎಷ್ಟು ಸಲ ಕೇಳಿದ್ರೂ ಹೇಳ್ತೀನಿ. ಎಲ್ಲದಕ್ಕೂ ಯಾಕೆ ಅಂತ ಕೇಳ್ತೀನಿ, ನಿಜವಾಗ್ಲೂ."

"ಬೇಡ ಬಿಡು. ಲಾಯರ್ ಜೊತೆ ಕೂತ್ಕೋತೀನಿ ಅಂತ ಹೇಳಾಗಿದೆ."

"ಹಾಗಾದ್ರೆ ನಾನು?"

ಅಕ್ಕ ಬ್ಯಾಗು ಹೆಗಲಿಗೇರಿಸಿಕೊಂಡು, ನನ್ನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದೆ ಸರಿಸಿದಳು. ಚಿಕ್ಕವಳಿದ್ದಾಗ ಸ್ಕೂಲಿಗೆ ಕಳಿಸುವಾಗ ಮಾಡುತ್ತಿದ್ದ ಹಾಗೆಯೇ.

"ನೀನು ನನ್ನ ತಂಗಿ," ಎಂದಳು. "ಅಷ್ಟು ಸಾಕು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತು ಎಸೆದು, ಜಗಳವಾಡಿ, ಅತ್ತು, ಹಗುರಾಗುತ್ತಿದ್ದೆ. ಮೆಟ್ಟಿಲ ಕೆಳಗಿನಿಂದ ಲಾಯರ್, "ಬರ್ತೀರೋ ಇಲ್ವೋ, ಮುಂದಿನ ಲೆಕ್ಕ ನೋಡಿದ್ರಾ?" ಎಂದು ಕೂಗಿದ. "ಬಂದೆ, ಅದರಲ್ಲಿ ನನಗೊಂದು ಡೌಟಿದೆ!" ಎನ್ನುತ್ತಾ ಅಕ್ಕ ಇಳಿದು ಹೋದಳು. ಆ ಡೌಟು ಏನೆಂದು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.